ಗುಳೆ ಹೋಗುವ ಕುಟುಂಬದ ಮಗಳ ಓದಿಗೆ ಯಾವ ವಿದ್ಯಾರ್ಥಿವೇತನ ನೆರವಾಗುತ್ತದೆ?

ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಗುಳೆ ಹೋಗುವ ವಿಜಯಪುರ ಜಿಲ್ಲೆಯ ತಾಂಡಾದ ಕುಟುಂಬವೊಂದರ ಮಗಳು ಎಂಟನೇ ತರಗತಿಯಲ್ಲಿದ್ದಾಳೆ, ಅವಳ ಓದು ಮುಂದುವರಿಯಲು ದಾರಿಯೇನು ಎಂದು ಕೇಳಿದ್ದೀರಿ.

ಈ ವರ್ಷವೇ ಅವಳಿಂದ ಎನ್‌ಎಂಎಂಎಸ್ (ಕಡಿಮೆ ಆದಾಯದ ಕುಟುಂಬದ ಪ್ರತಿಭಾವಂತ ಮಕ್ಕಳಿಗೆ ಕೊಡುವ ರಾಷ್ಟ್ರೀಯ ವಿದ್ಯಾರ್ಥಿವೇತನ) ಪರೀಕ್ಷೆ ಬರೆಸಿ. ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿ ಓದುವ, ಪೋಷಕರ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರದ ಎಂಟನೇ ತರಗತಿಯ ಮಕ್ಕಳಿಗಾಗಿ ಇರುವ ಈ ಕೇಂದ್ರ ಯೋಜನೆಯಲ್ಲಿ ಆಯ್ಕೆಯಾದವರಿಗೆ 9ರಿಂದ 12ನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ದೊರೆಯುತ್ತದೆ. ಬೌದ್ಧಿಕ ಸಾಮರ್ಥ್ಯ ಮತ್ತು ಪಠ್ಯವಿಷಯಗಳ ಎರಡು ಪತ್ರಿಕೆಗಳಲ್ಲಿ ತಲಾ 90 ಪ್ರಶ್ನೆಗಳಿರುತ್ತವೆ. ಮೊದಲ ಪತ್ರಿಕೆಯ ಮಾದರಿ ತರಗತಿಯ ಪಾಠದಲ್ಲಿ ಸಿಗುವುದಿಲ್ಲವಾದ್ದರಿಂದ, ಜಾಣ ಮಕ್ಕಳೂ ಅಭ್ಯಾಸವಿಲ್ಲದೆ ಅಲ್ಲಿಯೇ ಎಡವುತ್ತಾರೆ. ಶಿಕ್ಷಕರೊಬ್ಬರು ದಿನಕ್ಕೆ ಅರ್ಧ ತಾಸು ಕೊಟ್ಟರೂ ಬಹಳ ವ್ಯತ್ಯಾಸವಾಗುತ್ತದೆ.

ಹಣ ಕೈಸೇರುವುದು ಮಾತ್ರ ದಾಖಲೆಗಳ ಮೇಲೆ ನಿಂತಿದೆ. ಶಾಲೆಯ ದಾಖಲಾತಿಯಲ್ಲಿ ‘ಲಕ್ಷ್ಮೀಬಾಯಿ’, ಆಧಾರ್‌ನಲ್ಲಿ ‘ಲಕ್ಷ್ಮಿ’ ಎಂದಿದ್ದರೆ ಅರ್ಜಿ ಅಲ್ಲಿಗೇ ನಿಲ್ಲಬಹುದು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು, ನಾಡಕಚೇರಿಯ ಆದಾಯ ಪ್ರಮಾಣಪತ್ರ ಚಾಲ್ತಿಯಲ್ಲಿರಬೇಕು. ಪ್ರತಿ ವರ್ಷ ನವೀಕರಣವನ್ನೂ ಮಾಡಿಸಬೇಕು. ತಂದೆತಾಯಿ ಕಬ್ಬಿನ ಗದ್ದೆಯಲ್ಲಿರುವಾಗ ಇದನ್ನು ನೆನಪಿಸುವವರು ಊರಲ್ಲಿ ಒಬ್ಬರಾದರೂ ಬೇಕು.

ಒಂದು ಮಾತು ನೇರವಾಗಿ ಹೇಳಬೇಕು: ತಿಂಗಳಿಗೆ 1,000 ರೂಪಾಯಿ ಪುಸ್ತಕ, ಬಸ್ಸಿನ ಖರ್ಚಿಗೆ ಆಗುತ್ತದೆಯೇ ಹೊರತು ಖಾಲಿ ಮನೆಯಲ್ಲಿ ಅಡುಗೆ ಮಾಡಿ ಹಾಕುವವರನ್ನು ತರುವುದಿಲ್ಲ. ಅವಳಿಗೆ ಹಾಸ್ಟೆಲ್ ಪ್ರವೇಶಕ್ಕೂ ಜೊತೆಯಲ್ಲೇ ಅರ್ಜಿ ಹಾಕಿ. ಮನೆಯಲ್ಲಿ ಐದನೇ ತರಗತಿಯ ತಂಗಿಯೋ ತಮ್ಮನೋ ಇದ್ದರೆ, ಆರನೇ ತರಗತಿಯಿಂದ ಊಟ, ವಸತಿ, ಪಾಠ ಎಲ್ಲವೂ ಉಚಿತವಾಗಿರುವ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಈಗಲೇ ಸಿದ್ಧಗೊಳಿಸಿ.