ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಮನಸ್ಸಿನ ತೊಂದರೆಗೆ ಯಾರ ಹತ್ತಿರ ಹೋಗುವುದು?

ಈ ಸಲ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಬರೆದ ಪತ್ರಗಳನ್ನು ಆಯ್ದುಕೊಂಡಿದ್ದೇವೆ. ಹೆಸರುಗಳನ್ನು ಬಿಟ್ಟಿದ್ದೇವೆ, ಕೆಲವು ಪತ್ರಗಳನ್ನು ಚಿಕ್ಕದು ಮಾಡಿದ್ದೇವೆ.

ಖಾಸಗಿ ಶಾಲೆಯಲ್ಲಿ ಟೀಚರ್ ಆಗಿದ್ದೇನೆ, ವಯಸ್ಸು 29. ನಾಲ್ಕು ತಿಂಗಳಿಂದ ಬಸ್ಸು ಹತ್ತಿದರೆ ಎದೆ ಡವಡವ ಅನ್ನುತ್ತೆ, ಕೈ ಬೆವರುತ್ತೆ, ಇಲ್ಲೇ ಸತ್ತುಹೋಗ್ತೀನಿ ಅನ್ನಿಸುತ್ತೆ. ಇಸಿಜಿ ತೆಗೆದು ಏನೂ ಇಲ್ಲ ಅಂದರು. ಒಬ್ಬರು ಸೈಕಿಯಾಟ್ರಿಸ್ಟ್ ಹತ್ತಿರ ಹೋಗು ಅಂತಾರೆ, ಇನ್ನೊಬ್ಬರು ಕೌನ್ಸೆಲಿಂಗ್ ಸಾಕು ಅಂತಾರೆ. ಮಾತ್ರೆ ಶುರು ಮಾಡಿದರೆ ಬಿಡೋಕಾಗಲ್ಲ ಅಂತ ಅಮ್ಮನ ಹೆದರಿಕೆ. — ಹಾಸನ

ಮೊದಲು ಬಾಗಿಲ ಮೇಲಿನ ಬೋರ್ಡು ಓದುವುದನ್ನು ತಿಳಿದುಕೊಳ್ಳಿ. ಸೈಕಿಯಾಟ್ರಿಸ್ಟ್ ಎಂದರೆ ಮನೋವೈದ್ಯರು. ಎಂಬಿಬಿಎಸ್ ಆದಮೇಲೆ ಮನೋವೈದ್ಯಶಾಸ್ತ್ರದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪಿಎಂ ಮಾಡಿರುತ್ತಾರೆ, ಮಾತ್ರೆ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಬರೆಯುವಂತಿಲ್ಲ, ಮಾತಿನ ಮೂಲಕವೇ ಚಿಕಿತ್ಸೆ ಕೊಡುತ್ತಾರೆ. ಎಂಎ ಅಥವಾ ಎಂಎಸ್ಸಿ ಮುಗಿಸಿ, ಎರಡು ವರ್ಷದ ಎಂಫಿಲ್‌ನಂಥ ಮಾನ್ಯ ತರಬೇತಿ ಪಡೆದು, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ (ಆರ್‌ಸಿಐ) ನೋಂದಾಯಿಸಿಕೊಂಡಿರಬೇಕು. ಆ ನೋಂದಣಿ ಸಂಖ್ಯೆಯನ್ನು ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳಬಾರದು, ಪರಿಷತ್ತಿನ ವೆಬ್‌ಸೈಟಿನಲ್ಲಿ ಹೆಸರು ಹುಡುಕಿಯೂ ನೋಡಬಹುದು. ಕೌನ್ಸೆಲರ್, ಅಂದರೆ ಆಪ್ತಸಮಾಲೋಚಕರು ಅನ್ನುವ ಬೋರ್ಡಿನ ವಿಷಯದಲ್ಲೇ ಎಚ್ಚರ ಬೇಕು. ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು ವರ್ಷಗಟ್ಟಲೆ ಅನುಭವವಿರುವ ಒಳ್ಳೆಯವರೂ ಇದ್ದಾರೆ, ವಾರಾಂತ್ಯದ ಶಿಬಿರದ ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದವರೂ ಇದ್ದಾರೆ. ಬೆರಳಚ್ಚು ನೋಡಿ ಮಗುವಿನ ಬುದ್ಧಿ ಹೇಳುತ್ತೇವೆ, ಒಂದೇ ಸಿಟ್ಟಿಂಗ್‌ನಲ್ಲಿ ಖಿನ್ನತೆ ತೆಗೆಯುತ್ತೇವೆ ಎಂದು ಬೋರ್ಡು ಹಾಕಿದ್ದರೆ ಒಳಗೆ ಕಾಲಿಡುವುದೇ ಬೇಡ.

ನೀವು ಹೇಳುವ ಲಕ್ಷಣಗಳು ಪ್ಯಾನಿಕ್ ತೊಂದರೆಗೆ ಹೊಂದುತ್ತವೆ. ಅದು ಅದೇ ಹೌದೋ ಅಲ್ಲವೋ ಎಂದು ಎದುರಿಗೆ ಕೂತು ನೋಡಿದವರೇ ಹೇಳಬೇಕು. ಇಸಿಜಿ ಆಗಿದೆಯಲ್ಲ, ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಮಾಡಿಸಿಬಿಡಿ. ಥೈರಾಯ್ಡ್ ಹೆಚ್ಚಾದರೂ ರಕ್ತಹೀನತೆಯಿದ್ದರೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ. ಅವು ಸರಿಯಿದ್ದರೆ ಮಾತಿನ ಚಿಕಿತ್ಸೆಯಿಂದ ಶುರು ಮಾಡುವುದು ನಿಮಗೆ ಸರಿಯಾದ ದಾರಿ. ಅದರಲ್ಲೂ ಯೋಚನೆಯನ್ನೂ ನಡವಳಿಕೆಯನ್ನೂ ಹಂತ ಹಂತವಾಗಿ ಬದಲಿಸುವ, ಸಿಬಿಟಿ ಎಂದು ಕರೆಯುವ ವಿಧಾನ ಪ್ಯಾನಿಕ್‌ಗೆ ಚೆನ್ನಾಗಿ ಕೆಲಸ ಮಾಡುತ್ತದೆ. ವಾರಕ್ಕೊಮ್ಮೆ 45–50 ನಿಮಿಷದಂತೆ ಸಾಮಾನ್ಯವಾಗಿ ಹನ್ನೆರಡರ ಆಸುಪಾಸು ಭೇಟಿಗಳು ಬೇಕಾಗುತ್ತವೆ. ಹೆದರಿಕೆಯ ಅಲೆ ಹತ್ತು ನಿಮಿಷದೊಳಗೆ ತುತ್ತತುದಿಗೆ ಹೋಗಿ ತಾನಾಗಿಯೇ ಇಳಿಯುತ್ತದೆ. ಇದು ದೇಹಕ್ಕೆ ಅನುಭವದಿಂದಲೇ ಗೊತ್ತಾಗಬೇಕು. ಅದಕ್ಕೇ ಮೊದಲ ವಾರ ನಿಂತ ಬಸ್ಸಿನಲ್ಲಿ ಕೂರುವುದು, ಆಮೇಲೆ ಒಂದು ಸ್ಟಾಪ್, ಆಮೇಲೆ ಜೊತೆಗೊಬ್ಬರಿದ್ದು ಚನ್ನರಾಯಪಟ್ಟಣದವರೆಗೆ, ಕೊನೆಗೆ ಒಬ್ಬರೇ, ಹೀಗೆ ಮೆಟ್ಟಿಲು ಹಾಕಿಕೊಡುತ್ತಾರೆ. ಐದು ಭೇಟಿ ಆದರೂ 'ದೀರ್ಘ ಉಸಿರು ತಗೊಳ್ಳಿ, ಯೋಚನೆ ಮಾಡಬೇಡಿ' ಎನ್ನುವುದರಿಂದ ಮುಂದೆ ಹೋಗದಿದ್ದರೆ ಅದು ಸಮಾಧಾನದ ಮಾತಾಯಿತೇ ಹೊರತು ಚಿಕಿತ್ಸೆಯಾಗಲಿಲ್ಲ.

ಅಮ್ಮನ ಹೆದರಿಕೆಯಲ್ಲಿ ಅರ್ಧ ನಿಜವಿದೆ. ಅಲ್ಪ್ರಜೋಲಾಮ್, ಕ್ಲೋನಜೆಪಾಮ್ ಥರದ ಮಾತ್ರೆಗಳು ಕೆಲವೇ ವಾರಗಳಲ್ಲಿ ಅಭ್ಯಾಸವಾಗಬಹುದು, ಅವನ್ನು ಸಂಬಂಧಿಕರ ಸ್ಟ್ರಿಪ್ಪಿನಿಂದ ಎರವಲು ತಂದು ನುಂಗಲೇಬಾರದು. ಖಿನ್ನತೆಗೂ ಪ್ಯಾನಿಕ್‌ಗೂ ಕೊಡುವ ಎಸ್‌ಎಸ್‌ಆರ್‌ಐ ಮಾತ್ರೆಗಳ ಲೆಕ್ಕವೇ ಬೇರೆ. ಪರಿಣಾಮ ಕಾಣಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ, ವಾಸಿಯಾದ ಮೇಲೂ ಆರು ತಿಂಗಳೋ ಹೆಚ್ಚೋ ಮುಂದುವರಿಸಿ, ಆಮೇಲೆ ವೈದ್ಯರೇ ಮೆಲ್ಲಗೆ ಇಳಿಸುತ್ತಾರೆ. ತಾವಾಗಿ ಏಕಾಏಕಿ ನಿಲ್ಲಿಸಿದವರಿಗೆ ತಲೆಸುತ್ತು, ಚಡಪಡಿಕೆ ಬಂದು 'ನೋಡಿ, ಬಿಡೋಕಾಗಲ್ಲ' ಎಂಬ ಮಾತು ಹುಟ್ಟಿಕೊಳ್ಳುತ್ತದೆ.

ಹತ್ತು ಎಕರೆ ಕಾಫಿ ತೋಟ, ವಯಸ್ಸು 46. ಬೆಳಗಿನ ಜಾವ ಮೂರಕ್ಕೇ ಎಚ್ಚರ, ಊಟ ಸೇರದು, ತೋಟಕ್ಕೆ ಹೋಗೋಕೂ ಮನಸ್ಸಿಲ್ಲ. ನಮ್ಮ ಕಡೆ ಇಂಥ ಡಾಕ್ಟರೇ ಇಲ್ಲ. ಫೋನಿನಲ್ಲಿ ಮಾಡ್ತಾರಂತೆ, ಆದರೆ ಮನೆಯಲ್ಲಿ ನೆಟ್‌ವರ್ಕೂ ಇಲ್ಲ, ಒಬ್ಬನೇ ಮಾತಾಡೋಕೆ ಜಾಗವೂ ಇಲ್ಲ. — ಮೂಡಿಗೆರೆ ತಾಲ್ಲೂಕು

ನಿದ್ದೆ, ಹಸಿವು, ಆಸಕ್ತಿ ಮೂರೂ ಒಟ್ಟಿಗೆ ಕೆಟ್ಟು ಎರಡು ವಾರ ದಾಟಿದ್ದರೆ ನೀವು ಮನೋವೈದ್ಯರಿಂದಲೇ ಆರಂಭಿಸುವುದು ಒಳ್ಳೆಯದು, ಮಾತಿನ ಚಿಕಿತ್ಸೆ ಜೊತೆಗೆ ಬರಲಿ. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವಿದೆ. ದೇಶಕ್ಕೆಲ್ಲ ಹರಡಿದ ಈ ಕಾರ್ಯಕ್ರಮದ ಮೊದಲ ಮಾದರಿ ನಮ್ಮದೇ ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಡೆದದ್ದು. ಚಿಕ್ಕಮಗಳೂರಿನ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆಗೆ ಫೋನ್ ಮಾಡಿ, ಮನೋವೈದ್ಯರು ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಯಾವ ದಿನ ಬರುತ್ತಾರೆ ಎಂದು ಕೇಳಿ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮ ಇದಕ್ಕೇ ಇರುವುದು. ಬಂದ ದಿನ ಜನ ಜಾಸ್ತಿ, ಹತ್ತು ನಿಮಿಷಕ್ಕಿಂತ ಹೆಚ್ಚು ಮಾತು ಆಗಲಿಕ್ಕಿಲ್ಲ. ಅದಕ್ಕೇ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ: ಎಂದಿನಿಂದ, ಎಷ್ಟು ಗಂಟೆ ನಿದ್ದೆ, ತೂಕ ಎಷ್ಟು ಇಳಿದಿದೆ, ಈಗ ನುಂಗುತ್ತಿರುವ ಬಿಪಿ–ಶುಗರ್ ಮಾತ್ರೆಗಳು, ಕುಡಿತ ಎಷ್ಟು, ಮನೆತನದಲ್ಲಿ ಯಾರಿಗಾದರೂ ಹೀಗಾಗಿತ್ತೇ.

ಫೋನಿನಲ್ಲಿ ಮಾಡಿದರೂ ನಡೆಯುತ್ತದೆ. ತುಂಡು ತುಂಡಾಗುವ ವಿಡಿಯೊಗಿಂತ ನೆಟ್ಟಗಿರುವ ಬರೀ ಧ್ವನಿಯ ಕರೆಯೇ ಮೇಲು. ಸಿಗ್ನಲ್ ಸಿಗುವ ತಿರುವಿನಲ್ಲಿ ಜೀಪು ನಿಲ್ಲಿಸಿ, ಗಾಜು ಏರಿಸಿಕೊಂಡು ಒಳಗೇ ಕೂತು ಮಾತಾಡಿ, ಅಷ್ಟು ಖಾಸಗಿ ಜಾಗ ಮನೆಯಲ್ಲೂ ಸಿಗಲಾರದು. ಕರೆ ಕಡಿದರೆ ಯಾರು ಯಾರಿಗೆ, ಎಷ್ಟು ನಿಮಿಷದಲ್ಲಿ ಮತ್ತೆ ಫೋನ್ ಮಾಡಬೇಕು ಎಂದು ಮೊದಲೇ ಮಾತಾಡಿಕೊಂಡಿರಿ. ಒಳ್ಳೆಯ ಥೆರಪಿಸ್ಟ್ (ಮಾತಿನ ಚಿಕಿತ್ಸೆ ಕೊಡುವವರು) ಆದರೆ ನಿಮ್ಮ ವಿಳಾಸವನ್ನೂ, ತುರ್ತಿಗೆ ಹತ್ತಿರದವರೊಬ್ಬರ ನಂಬರನ್ನೂ ಮೊದಲ ದಿನವೇ ಕೇಳುತ್ತಾರೆ. ಕೇಳದಿದ್ದರೆ ದೂರದ ರೋಗಿಗಳನ್ನು ನೋಡಿದ ಅಭ್ಯಾಸ ಅವರಿಗಿಲ್ಲ ಎಂದೇ ಅರ್ಥ. ಮೊದಲ ಭೇಟಿ ಹಾಸನದಲ್ಲೋ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಮುಖಾಮುಖಿಯಾಗಿ ನಡೆದು, ಉಳಿದವು ಫೋನಿನಲ್ಲಾದರೆ ಇನ್ನೂ ಒಳ್ಳೆಯದು. ಹಣ್ಣು ಕೊಯ್ಲಿನ ತಿಂಗಳುಗಳನ್ನು ಮೊದಲೇ ಹೇಳಿಬಿಡಿ. ಕೊಯ್ಲು ಶುರುವಾಯಿತೆಂದು ನಾಲ್ಕನೇ ವಾರಕ್ಕೇ ಬಿಟ್ಟರೆ ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತದೆ. ಆ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ, ರಾತ್ರಿ ಎಂಟರ ಮೇಲೆ ಎಂದು ಒಪ್ಪಿಸಿಕೊಳ್ಳಬಹುದು.

ಸಾಯುವ ಯೋಚನೆ ಬರುತ್ತಿದ್ದರೆ ಇವತ್ತೇ ಬಾಯಿ ಬಿಟ್ಟು ಹೇಳಿ. ತೋಟದ ಕೋವಿಯನ್ನೂ ಕ್ರಿಮಿನಾಶಕದ ಡಬ್ಬಿಗಳನ್ನೂ ಮನೆಯವರಿಗೆ ಹೇಳಿ ನಿಮ್ಮ ಕೈಗೆ ಸಿಗದಂತೆ ಮಾಡಿ, ಬೀಗದ ಕೈ ಬೇರೆಯವರ ಹತ್ತಿರ ಇರಲಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. 2022ರಿಂದ ಇರುವ ಈ ಸೇವೆ ತುರ್ತಿಗಷ್ಟೇ ಅಲ್ಲ, ಹತ್ತಿರದಲ್ಲಿ ಯಾರನ್ನು ಕಾಣಬೇಕು ಎಂದು ಕೇಳುವುದಕ್ಕೂ ಆಗುತ್ತದೆ.

ಮದುವೆಯ ಬೇಸರಕ್ಕೆ ಕೌನ್ಸೆಲರ್ ಹತ್ತಿರ ನಾಲ್ಕು ಸಲ ಹೋಗಿ ಬಂದೆ. ಅವರು ಒಳ್ಳೆಯವರೇ, ಆದರೆ ನಾನು ಹೇಳೋದಕ್ಕಿಂತ ಅವರು ಹೇಳೋದೇ ಜಾಸ್ತಿ. 'ಹೊಂದ್ಕೊಂಡು ಹೋಗಮ್ಮ, ಒಂದು ಮಗು ಆದರೆ ಎಲ್ಲ ಸರಿಹೋಗುತ್ತೆ' ಅಂತಾರೆ. ಬಿಡಬೇಕಾ, ಇನ್ನೂ ಕಾಯಬೇಕಾ? — ಚಿಕ್ಕಮಗಳೂರು

ಇಂಥ ಉಪದೇಶ ಬೇಕಿದ್ದರೆ ನಿಮ್ಮ ದೊಡ್ಡಮ್ಮನೇ ಕೊಡುತ್ತಿದ್ದರು, ಫೀಸು ಕೊಡುವ ಅಗತ್ಯವಿರಲಿಲ್ಲ. ಮದುವೆ, ಮಗು, ಪೂಜೆ, ಜಾತಿ ಇವುಗಳ ಬಗ್ಗೆ ತಮ್ಮ ಅಭಿಪ್ರಾಯವನ್ನು ನಿಮ್ಮ ಮೇಲೆ ಹೇರುವುದು ಈ ವೃತ್ತಿಯಲ್ಲಿ ತಪ್ಪು.

ಹಾಗಂತ ಪ್ರತಿ ಕಿರಿಕಿರಿಗೂ ಬದಲಾಯಿಸುತ್ತಾ ಹೋಗಬಾರದು. ಮೊದಲ ಎರಡು ಭೇಟಿಗಳು ಬಹುತೇಕ ವಿಚಾರಣೆಯಲ್ಲೇ ಕಳೆಯುತ್ತವೆ. ನೋವಿನ ವಿಷಯ ಕೆದಕಿದ ವಾರ ಮನಸ್ಸು ಇನ್ನೂ ಭಾರವಾಗಬಹುದು, ಅದು ಕೆಟ್ಟ ಚಿಕಿತ್ಸೆಯ ಗುರುತಲ್ಲ. ಮೂರು–ನಾಲ್ಕು ಭೇಟಿಯ ಹೊತ್ತಿಗೆ ನೋಡಬೇಕಾದದ್ದು ಇಷ್ಟು: ನಿಮ್ಮ ತೊಂದರೆ ಏನು, ಅದು ಯಾಕೆ ಮುಂದುವರಿಯುತ್ತಿದೆ ಎಂದು ನಿಮಗೆ ಅರ್ಥವಾಗುವ ಹಾಗೆ ಹೇಳಿದ್ದಾರೆಯೇ? ಏನು ಸಾಧಿಸಬೇಕು ಎಂದು ಇಬ್ಬರೂ ಸೇರಿ ಗೊತ್ತುಮಾಡಿಕೊಂಡಿದ್ದೀರಾ? ಹೋದ ವಾರ ಹೇಳಿದ್ದು ಅವರಿಗೆ ನೆನಪಿದೆಯೇ? ನಾಚಿಕೆಯ ವಿಷಯ ಹೇಳುವಾಗ ಅವರ ಮುಖ ನೋಡಿ ಮಾತು ನುಂಗಿಕೊಳ್ಳುತ್ತಿದ್ದೀರಾ? ಈ ಕೊನೆಯದಕ್ಕೆ ಹೌದು ಎಂದಾದರೆ ಎಷ್ಟೇ ದೊಡ್ಡ ಡಿಗ್ರಿ ಇದ್ದರೂ ಪ್ರಯೋಜನವಿಲ್ಲ.

ಬಿಡುವ ಮುಂಚೆ ಒಂದು ಸಲ ನೇರವಾಗಿ ಹೇಳಿ: 'ಮೇಡಂ, ನನಗೆ ಸಲಹೆಗಿಂತ ನನ್ನ ಮಾತು ಕೇಳುವವರು ಬೇಕು, ಮಗುವಿನ ವಿಷಯ ಈಗ ಬೇಡ.' ತಿದ್ದಿಕೊಂಡರೆ ಅಲ್ಲೇ ಮುಂದುವರಿಯಿರಿ. ಮುಖ ಗಂಟಿಕ್ಕಿದರೆ ಹೊರಡಿ. ಹೊರಡುವಾಗ ಚಿಕಿತ್ಸೆಯ ಸಾರಾಂಶ ಬರೆಸಿಕೊಳ್ಳಿ, ಹೊಸಬರ ಹತ್ತಿರ ಎಲ್ಲವನ್ನೂ ಮೊದಲಿಂದ ಹೇಳುವ ಕಷ್ಟ ತಪ್ಪುತ್ತದೆ.

ಮುಂದಿನವರನ್ನು ಹುಡುಕುವಾಗ ಭೇಟಿಗೆ ಮೊದಲೇ ಫೋನಿನಲ್ಲಿ ಕೇಳಿ: 'ನನ್ನದು ಮದುವೆ ಮತ್ತು ಬೇಸರದ ವಿಷಯ. ಇಂಥವನ್ನು ನೀವು ನೋಡುತ್ತೀರಾ? ಯಾವ ವಿಧಾನ? ಎಷ್ಟು ಭೇಟಿ ಆಗಬಹುದು, ಫೀಸು ಎಷ್ಟು? ನಮ್ಮ ಮನೆಯವರು ಫೋನ್ ಮಾಡಿದರೆ ಏನು ಹೇಳುತ್ತೀರಿ?' ಸಣ್ಣ ಊರಿನಲ್ಲಿ ಕೊನೆಯ ಪ್ರಶ್ನೆಯೇ ಮುಖ್ಯ. ಅವರು ನಿಮ್ಮ ನೆಂಟರಿಗೋ ಅತ್ತೆ ಮನೆಯವರಿಗೋ ಪರಿಚಯವಿದ್ದರೆ, ಎಷ್ಟೇ ನುರಿತವರಾದರೂ ಬೇಡ. ಹೆಂಗಸೇ ಬೇಕು, ಕನ್ನಡವೇ ಬೇಕು ಎಂದು ಕೇಳುವುದರಲ್ಲೂ ಸಂಕೋಚ ಬೇಡ. ಇಂಗ್ಲಿಷಿನಲ್ಲಿ ಅಳು ಬರದವರು ಬಹಳ ಜನ. ಗಂಡನಿಂದ ಹೊಡೆತ, ಬೆದರಿಕೆ ಇದ್ದರೆ ಇಬ್ಬರನ್ನೂ ಒಟ್ಟಿಗೆ ಕೂರಿಸುವ ದಂಪತಿ ಸಮಾಲೋಚನೆಗೆ ಒಪ್ಪಬೇಡಿ. ಒಳಗೆ ಆಡಿದ ಮಾತಿಗೆ ಮನೆಯಲ್ಲಿ ಏಟು ಬೀಳುವುದುಂಟು.

ಮಗನಿಗೆ 19. ಡಿಗ್ರಿ ಎರಡನೇ ವರ್ಷ. ಹಾಸನದ ಸೈಕಾಲಜಿಸ್ಟ್ ಹತ್ತಿರ ಕರೆದುಕೊಂಡು ಹೋಗುತ್ತೇನೆ, ಫೀಸು ನಾನೇ ಕೊಡುತ್ತೇನೆ, ಆದರೆ ಒಳಗೆ ಏನು ಮಾತಾಡಿದ ಅಂತ ಅವರು ನನಗೆ ಹೇಳುವುದೇ ಇಲ್ಲ. — ತಾಯಿ, ಅರಸೀಕೆರೆ

ಹೇಳದಿರುವುದೇ ಸರಿ, ತಾಯೀ. 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಈ ಗುಟ್ಟು ಕಾಯುವುದು ಅವರ ಕರ್ತವ್ಯ. ಮಗನಿಗೆ 18 ದಾಟಿದೆ. ಅವನ ಪ್ರಾಣಕ್ಕೋ ಬೇರೆಯವರಿಗೋ ಅಪಾಯವಿರುವಂಥ ಕೆಲವು ಸಂದರ್ಭಗಳಲ್ಲಿ ಮಾತ್ರ, ಎಷ್ಟು ಬೇಕೋ ಅಷ್ಟನ್ನು ತಿಳಿಸುತ್ತಾರೆ. ನೀವು ಕಂಡದ್ದನ್ನು, ಅಂದರೆ ರಾತ್ರಿಯೆಲ್ಲ ಎಚ್ಚರವಿರುತ್ತಾನೆ, ಊಟ ಬಿಟ್ಟಿದ್ದಾನೆ ಎಂಬುದನ್ನು ಅವನಿಗೆ ಗೊತ್ತಿರುವಂತೆಯೇ ಅವರಿಗೆ ಹೇಳಬಹುದು. ಮಗನ ಒಪ್ಪಿಗೆಯಿಂದ ತಿಂಗಳಿಗೊಮ್ಮೆ ಹತ್ತು ನಿಮಿಷ ಮೂವರೂ ಕೂರುವ ವ್ಯವಸ್ಥೆ ಕೇಳಿ. ಬಸ್ಸಿನಲ್ಲಿ ವಾಪಸು ಬರುವಾಗ 'ಏನಂದ್ರು?' ಎಂದು ಕೇಳುವುದನ್ನು ಬಿಟ್ಟರೆ ಅವನಾಗಿಯೇ ಒಂದಿಷ್ಟು ಹೇಳಿಯಾನು.

ಯಜಮಾನರು ದಿನಾ ಕುಡೀತಾರೆ. ಯಾವ ಕೌನ್ಸೆಲರ್ ಹತ್ತಿರ ಕರೆದುಕೊಂಡು ಹೋಗಲಿ? ಗೊತ್ತಾಗದ ಹಾಗೆ ಊಟದಲ್ಲಿ ಹಾಕುವ ಪುಡಿ ಇದೆಯಂತೆ. — ಸಕಲೇಶಪುರ

ಪುಡಿ ಬೇಡವೇ ಬೇಡ. ಅದರಲ್ಲಿ ಕುಡಿತ ಬಿಡಿಸಲು ಬಳಸುವ ಡೈಸಲ್ಫಿರಾಮ್ ಎಂಬ ಔಷಧಿ ಇರಬಹುದು. ಅದು ಹೊಟ್ಟೆಯಲ್ಲಿರುವಾಗ ಮದ್ಯ ಸೇರಿದರೆ ವಾಂತಿ, ಎದೆಬಡಿತ, ರಕ್ತದೊತ್ತಡ ಕುಸಿತ ಆಗಿ ಪ್ರಾಣಕ್ಕೇ ಕುತ್ತು ಬರಬಹುದು. ಕುಡಿಯುವವರಿಗೆ ತಿಳಿಸಿ, ಒಪ್ಪಿಸಿಯೇ ಕೊಡುವ ಔಷಧಿ ಅದು. ದಿನಾ ಕುಡಿಯುವವರನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದಲ್ಲಿ ಕೈ ನಡುಕ, ಗೊಂದಲ, ಇಲ್ಲದ್ದು ಕಾಣುವುದು ಆಗಬಹುದು. ಆದ್ದರಿಂದ ಮೊದಲು ಮನೋವೈದ್ಯರಿರುವ ಆಸ್ಪತ್ರೆ. ನಿಮಗೆ ಹತ್ತಿರವಾದದ್ದು ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಹಿಮ್ಸ್. ಸಮಾಲೋಚನೆ ಆಮೇಲೆ. ಅವರು ಬರಲೊಪ್ಪದಿದ್ದರೆ ನೀವೊಬ್ಬರೇ ಹೋಗಿ, ಮನೆಯವರಿಗೂ ಸಲಹೆ ಸಿಗುತ್ತದೆ.

ಖರ್ಚು ಎಷ್ಟಾಗುತ್ತೆ? ಇನ್ಶೂರೆನ್ಸ್ ಬರುತ್ತಾ? — ಕಡೂರು

ಸರ್ಕಾರಿ ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವ ಅಲ್ಪ ಖರ್ಚು, ಕಾಯುವ ಹೊತ್ತು ಹೆಚ್ಚು. ಖಾಸಗಿಯಲ್ಲಿ ಫೀಸು ಒಬ್ಬೊಬ್ಬರದು ಒಂದೊಂದು. ಒಂದು ಭೇಟಿಯದ್ದಲ್ಲ, ಹನ್ನೆರಡು ಭೇಟಿಯ ಮೊತ್ತ ಮತ್ತು ಬಸ್ ಚಾರ್ಜು ಸೇರಿಸಿ ಲೆಕ್ಕ ಹಾಕಿ, ತಡೆದುಕೊಳ್ಳುವ ಹಾಗಿದ್ದರೆ ಮಾತ್ರ ಶುರು ಮಾಡಿ. ರಿಯಾಯಿತಿ ದರ ಇಟ್ಟುಕೊಂಡವರಿದ್ದಾರೆ, ಕೇಳಿದರೆ ಹೇಳುತ್ತಾರೆ. ಹತ್ತು ಭೇಟಿಗೆ ಮುಂಗಡ ಪ್ಯಾಕೇಜ್ ಕಟ್ಟಿ ಅಂದರೆ ಒಪ್ಪಬೇಡಿ, ಹೊಂದದಿದ್ದರೆ ದುಡ್ಡು ವಾಪಸು ಪಡೆಯುವುದು ಕಷ್ಟ. ದೇಹದ ಕಾಯಿಲೆಗೆ ಕೊಡುವ ಹಾಗೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕೆಂದು ಅದೇ 2017ರ ಕಾಯ್ದೆ ಹೇಳುತ್ತದೆ. ಆದರೆ ಹೆಚ್ಚಿನ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದರೆ ಮಾತ್ರ ಹಣ ಕೊಡುವಂಥವು, ವಾರಕ್ಕೊಮ್ಮೆ ಹೋಗಿ ಬರುವ ಭೇಟಿಗೆ ಸಿಗುವುದಿಲ್ಲ. ನಿಮ್ಮ ಪಾಲಿಸಿಯಲ್ಲಿ ಹೊರರೋಗಿ ವೆಚ್ಚ ಸೇರಿದೆಯೇ ಎಂದು ಏಜೆಂಟರಿಂದ ಬರವಣಿಗೆಯಲ್ಲೇ ಪಡೆಯಿರಿ, ರಸೀದಿಗಳನ್ನು ಎತ್ತಿಡಿ.