ಅಸ್ಥಿ ಸಿಕ್ಕಿದ್ದು ಯಾವಾಗ?

ಪ್ರಶ್ನೆ: ಹವಾಯಿಯಲ್ಲಿ ಪಾಯ ತೋಡುವಾಗ ಮೂಲನಿವಾಸಿಗಳ ಸಮಾಧಿ ಸಿಕ್ಕರೆ ಕೆಲಸ ನಿಲ್ಲಿಸಬೇಕೆಂಬ ಕಾನೂನಿದೆ ಎಂದು ಓದಿದೆ. ಖಾಸಗಿ ಜಮೀನಿಗೂ ಅದು ಅನ್ವಯಿಸುತ್ತದೆಯೇ? ಹಾಗಿದ್ದರೆ ಸಮಾಧಿಗಳಿರುವ ಜಾಗದಲ್ಲಿ ಕಟ್ಟಡಗಳು ಏಳುತ್ತಿರುವುದು ಹೇಗೆ?
– ಕಾನೂನು ವಿದ್ಯಾರ್ಥಿ, ಧಾರವಾಡ

ಉತ್ತರ: ಖಾಸಗಿ ಜಮೀನಿಗೂ ಅನ್ವಯಿಸುತ್ತದೆ. 50 ವರ್ಷಕ್ಕಿಂತ ಹಳೆಯ ಅಸ್ಥಿ ಕಂಡರೆ ಅಲ್ಲಿಗೇ ಅಗೆತ ನಿಲ್ಲಿಸಿ, ಪೊಲೀಸರಿಗೂ ರಾಜ್ಯದ ಐತಿಹಾಸಿಕ ಸಂರಕ್ಷಣಾ ವಿಭಾಗಕ್ಕೂ ತಿಳಿಸಬೇಕು. ಆದರೆ ಕೆಲಸ ನಿಂತಿತೆಂದರೆ ಜಾಗ ಉಳಿಯಿತು ಎಂದಲ್ಲ. ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಅಲ್ಲಿದೆ.

ಹವಾಯಿ ಜನರ ನಂಬಿಕೆಯಲ್ಲಿ ಪೂರ್ವಿಕರ ಚೈತನ್ಯ ಅವರ ಮೂಳೆಗಳಲ್ಲಿ ಉಳಿದಿರುತ್ತದೆ. ಅವು ಹೂತ ನೆಲದಲ್ಲೇ ಕರಗಬೇಕು, ಪರರ ಕೈ ಸೇರಬಾರದು. ಹಾಗಾಗಿ ಎಷ್ಟೋ ಸಮಾಧಿಗಳ ಮೇಲೆ ಕಲ್ಲೂ ಇಲ್ಲ, ಗುರುತೂ ಇಲ್ಲ. ಹೂಳಲು ಅವರು ಹೆಚ್ಚಾಗಿ ಆರಿಸಿಕೊಳ್ಳುತ್ತಿದ್ದದ್ದು ಕಡಲಂಚಿನ ಮರಳುದಿಬ್ಬಗಳನ್ನು. ಹೋಟೆಲ್ ಕಟ್ಟುವವರ ಕಣ್ಣು ಬೀಳುವುದೂ ಅಲ್ಲಿಯೇ.

ಮಾವಿ ದ್ವೀಪದ ಹೊನೊಕಹುವಾದಲ್ಲಿ ಆದದ್ದು ಇದೇ. 1980ರ ದಶಕದ ಕೊನೆಯಲ್ಲಿ ಒಂದು ಐಷಾರಾಮಿ ಹೋಟೆಲಿಗಾಗಿ ಅಲ್ಲಿನ ದಿಬ್ಬ ಅಗೆದು ಸಾವಿರದಷ್ಟು ಜನರ ಅಸ್ಥಿಗಳನ್ನು ಹೊರತೆಗೆದರು. ಸಾವಿರ! ಒಂದೆರಡು ಸಿಕ್ಕಾಗಲೇ ನಿಲ್ಲಿಸುವ ಅಧಿಕಾರ ಆಗ ಯಾರಿಗೂ ಇರಲಿಲ್ಲವೆಂದಲ್ಲ, ನಿಲ್ಲಿಸುವ ಮನಸ್ಸು ಇರಲಿಲ್ಲ ಎಂದೇ ನನ್ನ ಅಭಿಪ್ರಾಯ. 1988ರಲ್ಲಿ ಪ್ರತಿಭಟನೆ ಜೋರಾದ ಮೇಲೆ ಗವರ್ನರ್ ಜಾನ್ ವೈಹೆ ಮಧ್ಯೆ ಪ್ರವೇಶಿಸಿದರು. ಹೋಟೆಲ್ ದಂಡೆಯಿಂದ ಹಿಂದಕ್ಕೆ ಸರಿಯಿತು, ಅಸ್ಥಿಗಳನ್ನು ಮತ್ತೆ ಅಲ್ಲಿಯೇ ಹೂಳಲಾಯಿತು. ಜಾಗವನ್ನು ಶಾಶ್ವತವಾಗಿ ಉಳಿಸಿಕೊಳ್ಳಲು ರಾಜ್ಯ ಸುಮಾರು 60 ಲಕ್ಷ ಡಾಲರ್ ತೆರಬೇಕಾಯಿತು.

1990ರ ಕಾನೂನು ಇದರ ಫಲ. ಅದರಡಿ ದ್ವೀಪವಾರು ಸಮಾಧಿ ಮಂಡಳಿಗಳು ಬಂದವು. ಸಮುದಾಯದ ಪ್ರತಿನಿಧಿಗಳ ಜೊತೆ ಭೂಮಾಲೀಕರ ಕಡೆಯವರೂ ಅವುಗಳಲ್ಲಿ ಕೂರುತ್ತಾರೆ. ತೊಡಕಿರುವುದು ಮುಂದೆ. ಕಾಮಗಾರಿಗೆ ಮೊದಲೇ, ಪುರಾತತ್ವ ಸಮೀಕ್ಷೆಯಲ್ಲಿ ಹವಾಯಿ ಜನರ ಸಮಾಧಿ ಪತ್ತೆಯಾದರೆ ಅದನ್ನು ಇದ್ದಲ್ಲೇ ಉಳಿಸಬೇಕೋ ಸ್ಥಳಾಂತರಿಸಬೇಕೋ ಎಂದು ತೀರ್ಮಾನಿಸುವುದು ಮಂಡಳಿ. ಕೆಲಸ ಶುರುವಾದ ಮೇಲೆ ‘ಆಕಸ್ಮಿಕವಾಗಿ’ ಸಿಕ್ಕರೆ ತೀರ್ಮಾನ ಸಂರಕ್ಷಣಾ ವಿಭಾಗದ್ದು. ಅಷ್ಟರಲ್ಲಿ ನಕ್ಷೆ ಮಂಜೂರಾಗಿ, ಹಣ ಸುರಿದು, ಯಂತ್ರಗಳು ಬಂದು ನಿಂತಿರುತ್ತವೆ. ಆಗ ಕಟ್ಟಡ ಸರಿಯುವುದಕ್ಕಿಂತ ಮೂಳೆ ಸರಿಯುವುದೇ ಹೆಚ್ಚು. ಮೇಲೋಟದ ಸಮೀಕ್ಷೆ ಯಾರಿಗೆ ಲಾಭವೆಂದು ಬಿಡಿಸಿ ಹೇಳಬೇಕಿಲ್ಲ.

ಕಾನೂನು ವಿದ್ಯಾರ್ಥಿಯಾಗಿ ನೀವು ಓದಲೇಬೇಕಾದದ್ದು ಹೊನೊಲುಲು ರೈಲು ಯೋಜನೆಯ ಕುರಿತು ಹವಾಯಿ ಸುಪ್ರೀಂ ಕೋರ್ಟ್ 2012ರ ಆಗಸ್ಟ್‌ನಲ್ಲಿ ಕೊಟ್ಟ ತೀರ್ಪು. ಸುಮಾರು 32 ಕಿಲೋಮೀಟರ್ ಮಾರ್ಗವನ್ನು ತುಂಡು ಮಾಡಿ, ಒಂದೊಂದೇ ಭಾಗ ಸಮೀಕ್ಷೆ ಮಾಡುತ್ತ ಕಟ್ಟುತ್ತ ಹೋಗುವುದು ನಗರಾಡಳಿತದ ಲೆಕ್ಕಾಚಾರವಾಗಿತ್ತು. ಸಮಾಧಿಗಳು ಸಿಗುವ ಸಾಧ್ಯತೆ ಹೆಚ್ಚಿದ್ದ ಕಾಕಾಆಕೊ ಪ್ರದೇಶ ಬರುತ್ತಿದ್ದದ್ದು ಕೊನೆಯ ಭಾಗದಲ್ಲಿ. ಅಲ್ಲಿಯವರೆಗೆ ಕಂಬಗಳು ನಿಂತುಬಿಟ್ಟರೆ ಮಾರ್ಗ ಬದಲಿಸುವ ಮಾತೆಲ್ಲಿ? ಇಡೀ ಮಾರ್ಗದ ಸಮೀಕ್ಷೆ ಮುಗಿದ ಮೇಲಷ್ಟೇ ಕಾಮಗಾರಿ ಎಂದು ಕೋರ್ಟ್ ಹೇಳಿತು. ಕೆಲಸ ಒಂದು ವರ್ಷದಷ್ಟು ಕಾಲ ನಿಂತಿತು. ಆ ಅರ್ಜಿ ಹಾಕಿದ್ದು ಹವಾಯಿ ಮೂಲದ ಒಬ್ಬ ಮಹಿಳೆ. ಕೆಳಗಿನ ಕೋರ್ಟಿನಲ್ಲಿ ಸೋತಿದ್ದರೂ ಅವರು ಮೇಲ್ಮನವಿ ಬಿಡಲಿಲ್ಲ.