ಮೈಗ್ರೇನ್ ಇದೆಯೆಂದು ನೌಕರಿ ಬಿಡಬೇಕೆ?

ಸಹೋದರಿ, ಮುಂಜಾನೆ ಅಡಿಕೆ ತೋಟ, ಹತ್ತು ಗಂಟೆಗೆ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ, ಇದರ ನಡುವೆ ತಿಂಗಳಿಗೆ ಐದಾರು ಸಲ ಮೈಗ್ರೇನ್; ನೌಕರಿಯನ್ನೇ ಬಿಟ್ಟುಬಿಡಲೇ ಎಂದು ನೀವು ಈ ಗುಂಪಿನಲ್ಲಿ ಕೇಳಿದ್ದೀರಿ. ಹದಿನೆಂಟು ವರ್ಷಗಳಿಂದ ಇದೇ ನೋವನ್ನು ಹೊತ್ತು ಬ್ಯಾಂಕಿನ ಕೆಲಸ ಮತ್ತು ತೋಟ ಎರಡನ್ನೂ ನಡೆಸಿಕೊಂಡು ಬಂದವನಾಗಿ ಹೇಳುತ್ತೇನೆ: ರಾಜೀನಾಮೆ ಬರೆಯುವ ಮೊದಲು ಮೂರು ತಿಂಗಳು ಒಂದು ನೋಟುಪುಸ್ತಕ ಬರೆಯಿರಿ.

ನೋವು ಬಂದ ದಿನ ಮತ್ತು ಹೊತ್ತು, ಹಿಂದಿನ ರಾತ್ರಿಯ ನಿದ್ದೆ, ತಿಂಡಿ ತಿಂದ ಸಮಯ, ಮುಟ್ಟಿನ ದಿನಗಳು, ನುಂಗಿದ ಮಾತ್ರೆ, ಇಷ್ಟು ಸಾಕು. ಕಂಪ್ಯೂಟರ್ ಪರದೆಯೇ ನನ್ನ ಶತ್ರು ಎಂದು ನಾನು ವರ್ಷಗಟ್ಟಲೆ ನಂಬಿದ್ದೆ. ಆದರೆ ಬರೀ ಕಾಫಿ ಕುಡಿದು ಆರು ಗಂಟೆಗೆ ತೋಟಕ್ಕಿಳಿದು, ತಿಂಡಿಯಿಲ್ಲದೆ ಕಚೇರಿಗೆ ಓಡಿದ ದಿನಗಳ ಮಧ್ಯಾಹ್ನವೇ ನೋವು ಹೆಚ್ಚಾಗಿ ಬಂದದ್ದನ್ನು ಪುಸ್ತಕ ತೋರಿಸಿಕೊಟ್ಟಿತು. ಈಗ ಎರಡು ದೋಸೆಯಾದರೂ ತಿನ್ನದೆ ಅಂಗಳ ದಾಟುವುದಿಲ್ಲ, ಭಾನುವಾರವೂ ಎಂದಿನ ಹೊತ್ತಿಗೇ ಏಳುತ್ತೇನೆ.

ಒಂದು ದಿನ ಬಿಟ್ಟು ಒಂದು ದಿನ ನೋವಿನ ಮಾತ್ರೆ ನುಂಗುತ್ತಿರುವುದಾಗಿ ನೀವು ಬರೆದದ್ದು ನನಗೆ ನಿಜಕ್ಕೂ ಆತಂಕ ತಂದಿತು. ಪ್ಯಾರಾಸಿಟಮಾಲ್‌ನಂತಹ ಸಾಮಾನ್ಯ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚು, ಮೈಗ್ರೇನ್ ನೋವಿಗೆ ಕೊಡುವ ಸುಮಾಟ್ರಿಪ್ಟಾನ್ ಜಾತಿಯದನ್ನು 10 ದಿನ ಅಥವಾ ಹೆಚ್ಚು, ಮೂರು ತಿಂಗಳಿಗೂ ಮೀರಿ ತೆಗೆದುಕೊಳ್ಳುತ್ತಾ ಹೋದರೆ ಆ ಮಾತ್ರೆಯೇ ತಲೆನೋವು ತರಬಲ್ಲದು. ಆದ್ದರಿಂದ ಮೆಡಿಕಲ್ ಅಂಗಡಿಯ ಬದಲು ನರರೋಗ ತಜ್ಞರ ಬಳಿ ಹೋಗಿ, ನೋವು ಬಾರದಂತೆ ದಿನವೂ ತೆಗೆದುಕೊಳ್ಳುವ ಔಷಧಿ ನಿಮಗೆ ಬೇಕೇ ಎಂದು ಕೇಳಿ. ಪ್ರೊಪ್ರನೊಲಾಲ್, ಅಮಿಟ್ರಿಪ್ಟಿಲಿನ್ ಮುಂತಾದವು ಗುಣ ತೋರಲು ವಾರಗಳೇ ಹಿಡಿಯುತ್ತವೆ. ಎಂಟು ದಿನಕ್ಕೆ ಬೇಸತ್ತು ನಿಲ್ಲಿಸಬೇಡಿ. ಉಬ್ಬಸವಿದ್ದರೆ, ಮಗುವಿನ ಯೋಚನೆಯಿದ್ದರೆ, ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿಬಿಡಿ, ಏಕೆಂದರೆ ಔಷಧಿಯ ಆಯ್ಕೆ ಅದರಿಂದ ಬದಲಾಗುತ್ತದೆ.

ನನಗೆ ನೋವಿಗೆ ಮೊದಲು ಲೆಡ್ಜರಿನಲ್ಲಿ ಮೊತ್ತದ ಕೊನೆಯ ಎರಡು ಅಂಕಿಗಳು ಕಾಣದಾಗಿ, ಆ ಜಾಗದಲ್ಲಿ ಗರಗಸದ ಹಲ್ಲಿನಂತಹ ಬೆಳಕಿನ ಗೆರೆ ಮಿಣುಗುತ್ತದೆ. ಆಗ ನಗದು ಎಣಿಸುವುದನ್ನು ನಿಲ್ಲಿಸುತ್ತೇನೆ, ಬೈಕ್ ಮುಟ್ಟುವುದಿಲ್ಲ, ನೋವು ಶುರುವಾದ ಕೂಡಲೇ ವೈದ್ಯರು ಬರೆದುಕೊಟ್ಟ ಮಾತ್ರೆ ನುಂಗುತ್ತೇನೆ. ತಡಮಾಡಿದಷ್ಟೂ ಹೊಟ್ಟೆಯ ಕೆಲಸ ನಿಧಾನವಾಗಿ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ವಾಂತಿಯಾಗುವವರು ಅದಕ್ಕೂ ಔಷಧಿ ಕೇಳಬೇಕು.

ಮೇಲಧಿಕಾರಿಗೆ ತಲೆ ಹಿಡಿದುಕೊಂಡು ಕುಳಿತ ದಿನ ಹೇಳಬೇಡಿ, ಚೆನ್ನಾಗಿರುವ ದಿನ ಹೇಳಿ. ನನ್ನ ಹಿಂದಿನ ಅಧಿಕಾರಿಯೊಬ್ಬರು ಇದನ್ನು ನೆಪವೆಂದೇ ತಿಳಿದಿದ್ದರು. ಪುಸ್ತಕದ ಪುಟಗಳನ್ನು ಮುಂದಿಟ್ಟಾಗ ಅವರ ಮಾತಿನ ಧಾಟಿ ಬದಲಾಯಿತು. ಕಿಟಕಿಯ ಬಿಸಿಲು ಕಣ್ಣಿಗೆ ಹೊಡೆಯದ ಕುರ್ಚಿ, ರೆಕಾರ್ಡ್ ಕೋಣೆಯಲ್ಲಿ ಅರ್ಧ ಗಂಟೆ ಕತ್ತಲಲ್ಲಿ ಮಲಗುವ ಅವಕಾಶ, ಆ ಹೊತ್ತಿನ ಕೆಲಸವನ್ನು ಮರುದಿನ ಮುಗಿಸಿಕೊಡುವ ಒಪ್ಪಂದ, ಇವಿಷ್ಟನ್ನು ಸ್ಪಷ್ಟವಾಗಿ ಕೇಳಿದರೆ ಇಲ್ಲವೆನ್ನುವುದು ಅವರಿಗೂ ಕಷ್ಟ.

ಕ್ಷಣಮಾತ್ರದಲ್ಲಿ ಸಿಡಿಲಿನಂತೆ ಎರಗುವ ನೋವು, ಕೈಕಾಲಿನ ಶಕ್ತಿ ಕುಂದುವುದು, ಮಾತು ತೊದಲುವುದು, ಜ್ವರದೊಂದಿಗೆ ಕುತ್ತಿಗೆ ಸೆಟೆಯುವುದು ಕಂಡರೆ ಮೈಗ್ರೇನ್ ಎಂದು ಕಾಯದೆ ನೇರ ಆಸ್ಪತ್ರೆಗೆ ಹೋಗಿ.

ಪುಸ್ತಕವನ್ನು ಇಂದೇ ಶುರುಮಾಡಿ, ಆದರೆ ವೈದ್ಯರ ಭೇಟಿಯನ್ನು ಮೂರು ತಿಂಗಳು ಮುಂದೂಡಬೇಡಿ. ಹೋಗುವಾಗ ಈ ತಿಂಗಳು ಖಾಲಿಯಾದ ಮಾತ್ರೆಯ ಸ್ಟ್ರಿಪ್‌ಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ.